ಸೀಕ್ವೆನ್ಷಿಯಲ್ ಫೈಲ್ ಎಂದರೇನು? ಕ್ಯೂಬೇಸಿಕ್‌ನ ಅನುಕ್ರಮ ಕಡತ

ಪ್ರೋಗ್ರಾಂ ನಡೆಯುವಾಗ ನಾವು ಕೊಟ್ಟ ಹೆಸರು, ಅಂಕ, ಲೆಕ್ಕ ಎಲ್ಲ ಮೆಮೊರಿಯಲ್ಲಿ ಇರುತ್ತವೆ. ಪ್ರೋಗ್ರಾಂ ಮುಗಿದರೆ ಅವೂ ಹೋದವು. ನಾಳೆಗೂ ಬೇಕೆಂದರೆ ಡಿಸ್ಕ್‌ನಲ್ಲಿ ಬರೆದಿಡಬೇಕು. ಹಾಗೆ ಒಂದರ ಹಿಂದೆ ಒಂದರಂತೆ ಬರೆದು, ಬರೆದ ವರಸೆಯಲ್ಲೇ ಮೊದಲಿನಿಂದ ಓದುವ ಫೈಲನ್ನು ಸೀಕ್ವೆನ್ಷಿಯಲ್ ಫೈಲ್ ಎನ್ನುತ್ತಾರೆ. ಕನ್ನಡದಲ್ಲಿ ಅನುಕ್ರಮ ಕಡತ.

ಕಡತ ಎಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ನಮ್ಮಲ್ಲಿ ಕಡತ ಎಂದೇ ಹೆಸರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತ. ಬಳಪದ ಬರಹವನ್ನು ಅಳಿಸಿ ಅದೇ ಬಟ್ಟೆಯ ಮೇಲೆ ಹೊಸದಾಗಿ ಬರೆಯಬಹುದಿತ್ತು. ಈ ಅಳಿಸುವ ಗುಣ ಕೆಳಗೆ ಮತ್ತೆ ಬರುತ್ತದೆ, ನೆನಪಿರಲಿ.

ಕಂಪ್ಯೂಟರಿಗೆ ಈ ಪದ್ಧತಿ ಬಂದದ್ದು ಟೇಪಿನಿಂದ. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಸೇರಿದ ಯೂನಿವ್ಯಾಕ್ ಯಂತ್ರ ದತ್ತಾಂಶವನ್ನು ಕಾಂತೀಯ ಟೇಪಿನಲ್ಲಿ ಇಡುತ್ತಿತ್ತು. 1970ರ ದಶಕದ ಕೊನೆಗೆ ಬಂದ ಮನೆಬಳಕೆಯ ಕಂಪ್ಯೂಟರುಗಳಲ್ಲಿ ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟೇ ಸಾಕಾಗುತ್ತಿತ್ತು. ಐದನೇ ಹಾಡು ಬೇಕೆಂದರೆ ಮೊದಲ ನಾಲ್ಕನ್ನು ದಾಟಿಕೊಂಡೇ ಹೋಗಬೇಕು. ಡಿಸ್ಕ್ ಬಂದ ಮೇಲೆ ಈ ಕಟ್ಟುಪಾಡು ಯಂತ್ರಕ್ಕೆ ಉಳಿಯಲಿಲ್ಲ, ಆದರೆ ಸರಳವಾದ ಪದ್ಧತಿಯೆಂದು ಭಾಷೆಗಳಲ್ಲಿ ಉಳಿಯಿತು.

ಬೇಸಿಕ್ ಭಾಷೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಗಣಿತ ಕಲಿಸುತ್ತಿದ್ದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ಹೊಸಬರಿಗೆಂದೇ ರೂಪಿಸಿದರು. ಮೈಕ್ರೋಸಾಫ್ಟ್ 1991ರಲ್ಲಿ ಎಂಎಸ್-ಡಾಸ್ 5.0 ಎಂಬ ಆಪರೇಟಿಂಗ್ ಸಿಸ್ಟಂ ಜೊತೆ ಕೊಟ್ಟ ಕ್ಯೂಬೇಸಿಕ್ ಅದರ ಒಂದು ಕವಲು. ಇಲ್ಲಿನ ಉದಾಹರಣೆಗಳೆಲ್ಲ ಕ್ಯೂಬೇಸಿಕ್‌ನವು. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಯಂತ್ರದಲ್ಲಿ ಆದೇಶ, ವೇರಿಯಬಲ್ (ಬೆಲೆಯನ್ನು ಹಿಡಿದಿಡುವ ಜಾಗ) ಹೆಸರು, ಫೈಲಿನ ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು, ಕ್ಯೂಬೇಸಿಕ್‌ಗೆ ಕನ್ನಡ ಅಕ್ಷರ ಗೊತ್ತಿಲ್ಲ.

ತೆರೆಯುವುದು, ಬರೆಯುವುದು, ಮುಚ್ಚುವುದು ಹೀಗೆ:

ಓಪನ್ "ಮಾರ್ಕ್ಸ್.ಡ್ಯಾಟ್" ಫಾರ್ ಔಟ್‌ಪುಟ್ ಆ್ಯಸ್ #1
ರೈಟ್ #1, "ರವಿ", 78
ರೈಟ್ #1, "ಸುಮಾ", 91
ಕ್ಲೋಸ್ #1

ಕೊನೆಯಲ್ಲಿರುವ #1 ಫೈಲಿನ ಸಂಖ್ಯೆ. ತೆರೆದಿರುವಷ್ಟು ಹೊತ್ತು ಫೈಲನ್ನು ಹೆಸರಿನಿಂದ ಕರೆಯುವುದಿಲ್ಲ, ಈ ಸಂಖ್ಯೆಯಿಂದಲೇ ಕರೆಯುವುದು. 1ರಿಂದ 255ರ ತನಕ ಯಾವುದಾದರೂ ಆಗಬಹುದು. ಯಾವ ಸಂಖ್ಯೆ ಖಾಲಿ ಇದೆ ಎಂದು ತಿಳಿಯದಿದ್ದರೆ ಫ್ರೀಫೈಲ್ ಎಂಬ ಫಂಕ್ಷನ್ ಹೇಳುತ್ತದೆ. ಡಾಸ್‌ನಲ್ಲಿ ಫೈಲಿನ ಹೆಸರು 8 ಅಕ್ಷರ, ಚುಕ್ಕೆಯ ನಂತರ 3 ಅಕ್ಷರ ಮೀರಬಾರದು.

ತೆರೆಯುವ ಬಗೆ ಮೂರು. ಹೊಸಬರ ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಔಟ್‌ಪುಟ್ ಎಂದರೆ ಬರೆಯಲು ತೆರೆ ಎಂದಷ್ಟೇ ಅಲ್ಲ, ಇದ್ದುದನ್ನೆಲ್ಲ ಒರೆಸಿ ಹೊಸದಾಗಿ ಶುರುಮಾಡು ಎಂದು ಅರ್ಥ. ಆ ಹೆಸರಿನ ಫೈಲು ಮೊದಲೇ ಇದ್ದರೆ ಕೇಳದೆ, ಎಚ್ಚರಿಸದೆ ಖಾಲಿ ಮಾಡುತ್ತದೆ. ನಲವತ್ತು ಮಕ್ಕಳ ಅಂಕ ಸೇರಿಸಿ, ಮರುದಿನ ನಲವತ್ತೊಂದನೆಯವರನ್ನು ಸೇರಿಸಲು ಅದೇ ಪ್ರೋಗ್ರಾಂ ಓಡಿಸಿದರೆ ಫೈಲಿನಲ್ಲಿ ಉಳಿಯುವುದು ಆ ಒಬ್ಬರ ಅಂಕ ಮಾತ್ರ. ಅದಕ್ಕೇ ಅಪೆಂಡ್ ಇದೆ: ಹಳೆಯದನ್ನು ಮುಟ್ಟದೆ ಬಾಲಕ್ಕೆ ಸೇರಿಸುತ್ತದೆ, ಫೈಲು ಇಲ್ಲದಿದ್ದರೆ ಹೊಸದನ್ನು ಮಾಡಿಕೊಳ್ಳುತ್ತದೆ. ಕಲಿಯುವ ದಿನಗಳಲ್ಲಿ ಸಂಶಯ ಬಂದಾಗಲೆಲ್ಲ ಅಪೆಂಡ್ ಬರೆಯಿರಿ. ಹೆಚ್ಚುವರಿ ಸಾಲನ್ನು ಆಮೇಲೆ ತೆಗೆಯಬಹುದು, ಹೋದ ಸಾಲು ವಾಪಸು ಬರುವುದಿಲ್ಲ. ಮೂರನೆಯದು ಇನ್‌ಪುಟ್, ಓದಲು. ಫೈಲು ಇಲ್ಲದೆ ಇನ್‌ಪುಟ್‌ಗೆ ತೆರೆದರೆ 53ನೇ ದೋಷ, ಅಂದರೆ ಫೈಲು ಸಿಗಲಿಲ್ಲ. ಓದಲು ತೆರೆದ ಫೈಲಿಗೆ ಬರೆಯಹೋದರೆ 54. ಒಂದು ಕಡೆ ಓದಲು ತೆರೆದು, ಮುಚ್ಚದೆ ಅದನ್ನೇ ಔಟ್‌ಪುಟ್‌ಗೆ ತೆರೆದರೆ 55.

ಕ್ಲೋಸ್ ಮರೆಯುವುದೂ ಸಣ್ಣ ತಪ್ಪಲ್ಲ. ರೈಟ್ ಎಂದ ಕೂಡಲೇ ಅಕ್ಷರಗಳು ಡಿಸ್ಕಿಗೆ ಹೋಗುವುದಿಲ್ಲ, ಮೊದಲು ಮೆಮೊರಿಯ ಒಂದು ಬಫರಿನಲ್ಲಿ ಕೂಡುತ್ತವೆ. ಅನುಕ್ರಮ ಕಡತಕ್ಕೆ ಕ್ಯೂಬೇಸಿಕ್ ಇಡುವ ಬಫರ್ 512 ಬೈಟ್. ಅದು ತುಂಬಿದಾಗ ಅಥವಾ ಕ್ಲೋಸ್ ಮಾಡಿದಾಗ ಡಿಸ್ಕಿಗೆ ಇಳಿಯುತ್ತದೆ. ನಡುವೆ ಕರೆಂಟು ಹೋದರೆ ಕೊನೆಯ ಕೆಲವು ಸಾಲುಗಳು ಹೋದಂತೆಯೇ.

ಈಗ ಫೈಲಿನೊಳಗೆ ಏನಿದೆ ನೋಡೋಣ. ಮೇಲಿನ ಮೊದಲ ಸಾಲು ಡಿಸ್ಕ್‌ನಲ್ಲಿ "ರವಿ",78 ಎಂದು ಕೂತಿದೆ. ಪದಕ್ಕೆ ಉದ್ಧರಣ ಚಿಹ್ನೆ, ನಡುವೆ ಅಲ್ಪವಿರಾಮ, ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಕಾಣದ ಸಂಕೇತಗಳು. ರವಿ ಎಂಬುದು ಇಂಗ್ಲಿಷ್ ಲಿಪಿಯಲ್ಲಿ 4 ಅಕ್ಷರ, ಹೀಗಾಗಿ ಲೆಕ್ಕ 4+2+1+2+2, ಒಟ್ಟು 11 ಬೈಟ್. ಒಂದು ಸಾಲು ಒಂದು ರೆಕಾರ್ಡ್, ಅಲ್ಪವಿರಾಮದ ನಡುವಿನ ಒಂದೊಂದು ತುಣುಕು ಒಂದು ಫೀಲ್ಡ್. ಇದರಲ್ಲಿ ಮೊದಲನೆಯದು ಹೆಸರು, ಎರಡನೆಯದು ಅಂಕ ಎಂದು ಫೈಲಿನಲ್ಲಿ ಎಲ್ಲೂ ಬರೆದಿಲ್ಲ. ಅದು ಗೊತ್ತಿರುವುದು ಪ್ರೋಗ್ರಾಂ ಬರೆದವರಿಗೆ ಮಾತ್ರ. ಬರೆದ ವರಸೆ, ಓದುವ ವರಸೆ ಎರಡೂ ಒಂದೇ ಆಗಿರಬೇಕು ಎನ್ನುವುದು ಇದಕ್ಕೇ:

ಓಪನ್ "ಮಾರ್ಕ್ಸ್.ಡ್ಯಾಟ್" ಫಾರ್ ಇನ್‌ಪುಟ್ ಆ್ಯಸ್ #1
ಡೂ ವೈಲ್ ನಾಟ್ ಇಒಎಫ್(1)
ಇನ್‌ಪುಟ್ #1, ಹೆಸರು$, ಅಂಕ
ಪ್ರಿಂಟ್ ಹೆಸರು$, ಅಂಕ
ಲೂಪ್
ಕ್ಲೋಸ್ #1

ವೇರಿಯಬಲ್ಲಿನ ಕೊನೆಗೆ $ ಇದ್ದರೆ ಅದರಲ್ಲಿರುವುದು ಸಂಖ್ಯೆಯಲ್ಲ, ಬರಹ. ಇಒಎಫ್ ಎಂದರೆ ಫೈಲಿನ ಕೊನೆ ಬಂತೇ ಎಂಬ ಪ್ರಶ್ನೆ. ಬಂದಿದ್ದರೆ -1, ಇಲ್ಲವಾದರೆ 0. ಈ ಪ್ರಶ್ನೆಯನ್ನು ಓದುವ ಮೊದಲೇ ಕೇಳಬೇಕು. ಲೂಪಿನ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳ, ಕೊನೆಯಲ್ಲಿ ಕೇಳಿದರೆ ಖಾಲಿ ಫೈಲಿನಲ್ಲಿ ಮೊದಲ ಓದಿಗೇ 62ನೇ ದೋಷ ಬರುತ್ತದೆ, ಕೊನೆ ದಾಟಿ ಓದಲು ಹೊರಟಿದ್ದೀರಿ ಎಂದು. ಎರಡು ಫೀಲ್ಡ್ ಬರೆದು ಮೂರನ್ನು ಓದಿದಾಗಲೂ ಇದೇ ದೋಷ ಬರಬಹುದು, ಆದರೆ ಅಷ್ಟರಲ್ಲಿ ಮುಂದಿನವರ ಹೆಸರು ಹಿಂದಿನವರ ಮೂರನೇ ಫೀಲ್ಡಾಗಿ ಸೇರಿಹೋಗಿರುತ್ತದೆ. ರೆಕಾರ್ಡುಗಳ ಲೆಕ್ಕ ಹೊಂದಿಕೊಂಡರೆ ದೋಷವೇ ಬಾರದೆ, ಎಲ್ಲ ಉತ್ತರವೂ ತಪ್ಪಾಗಿ ಹೊರಬರುತ್ತದೆ. ದೋಷ ತೋರಿಸಿ ನಿಲ್ಲುವ ಪ್ರೋಗ್ರಾಮಿಗಿಂತ ಇದು ಕೆಟ್ಟದ್ದು.

ಇನ್‌ಪುಟ್ #1 ಎಂಬಲ್ಲಿ #1 ಬಿಟ್ಟುಹೋದರೆ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದು ಪ್ರೋಗ್ರಾಂ ನಿಂತಿರುತ್ತದೆ. ಅದು ಕೀಲಿಮಣೆಯಿಂದ ಉತ್ತರ ಕಾಯುತ್ತಿದೆ. ರೈಟ್‌ನಲ್ಲಿ ಬಿಟ್ಟರೆ ದತ್ತಾಂಶ ಫೈಲಿಗೆ ಹೋಗದೆ ಪರದೆಗೆ ಬರುತ್ತದೆ, ಫೈಲು ಸೊನ್ನೆ ಬೈಟಿನದ್ದಾಗಿ ಉಳಿಯುತ್ತದೆ.

ರೈಟ್ ಬದಲು ಪ್ರಿಂಟ್ #1 ಎಂದೂ ಬರೆಯಬಹುದು. ಅದು ಉದ್ಧರಣ ಚಿಹ್ನೆಯನ್ನಾಗಲಿ ಅಲ್ಪವಿರಾಮವನ್ನಾಗಲಿ ಹಾಕುವುದಿಲ್ಲ, ಪರದೆಯಲ್ಲಿ ಹೇಗೆ ಕಾಣುತ್ತದೋ ಹಾಗೇ ಬರೆಯುತ್ತದೆ. ಪ್ರಿಂಟ್ #1, ಹೆಸರು$; ಅಂಕ ಎಂದರೆ ಸಾಲು ರವಿ 78 ಎಂದಾಗುತ್ತದೆ. ಅದನ್ನು ಇನ್‌ಪುಟ್ #1, ಹೆಸರು$, ಅಂಕ ಎಂದು ಓದಿದರೆ ಇಡೀ ಸಾಲು ಹೆಸರಾಗುತ್ತದೆ, ಏಕೆಂದರೆ ಚಿಹ್ನೆಯಿಲ್ಲದ ಪದ ಅಲ್ಪವಿರಾಮ ಅಥವಾ ಸಾಲಿನ ಕೊನೆ ಬರುವ ತನಕ ಮುಂದುವರಿಯುತ್ತದೆ. ಅಂಕ ಹುಡುಕಿಕೊಂಡು ಪ್ರೋಗ್ರಾಂ ಸುಮಾಳ ಸಾಲಿಗೆ ಕೈಹಾಕುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ಜರುಗಿಹೋಗುತ್ತವೆ. ಮನುಷ್ಯರು ಓದುವ ವರದಿಗೆ ಪ್ರಿಂಟ್, ಪ್ರೋಗ್ರಾಮೇ ಮತ್ತೆ ಓದಬೇಕಾದ ದತ್ತಾಂಶಕ್ಕೆ ರೈಟ್. ಫೀಲ್ಡುಗಳ ಗೊಡವೆಯಿಲ್ಲದೆ ಒಂದು ಪೂರ್ತಿ ಸಾಲು ಬೇಕಿದ್ದರೆ ಲೈನ್ ಇನ್‌ಪುಟ್ #1, ಸಾಲು$ ಇದೆ. ವಿಳಾಸದಂತೆ ಅಲ್ಪವಿರಾಮ ತುಂಬಿದ ಬರಹವನ್ನು ಪ್ರಿಂಟ್‌ನಿಂದ ಬರೆದಿದ್ದರೆ ಇದೇ ಗತಿ.

ಫೋನ್ ನಂಬರನ್ನು ಸಂಖ್ಯೆಯಾಗಿ ಇಡಬೇಡಿ. ಯಾವ ಚಿಹ್ನೆಯೂ ಇಲ್ಲದ ವೇರಿಯಬಲ್ ಸುಮಾರು 7 ಅಂಕಿಗಳನ್ನಷ್ಟೇ ಸರಿಯಾಗಿ ಹಿಡಿಯುತ್ತದೆ, 10 ಅಂಕಿಯ ನಂಬರಿನ ಬಾಲ ಕಳೆದುಹೋಗುತ್ತದೆ. % ಹಾಕಿದ ಪೂರ್ಣಾಂಕ 32767 ದಾಟಿದರೆ 6ನೇ ದೋಷ. 005 ಎಂಬ ರೋಲ್ ನಂಬರ್ ಸಂಖ್ಯೆಯಾದರೆ ಬರೀ 5. ಲೆಕ್ಕ ಮಾಡದ ಅಂಕಿಗಳಿಗೆಲ್ಲ $ ಇರಲಿ.

ಇನ್ನು ತಿದ್ದುಪಡಿ. ರವಿಯ 78ನ್ನು ನಡುವಿನಲ್ಲೇ 87 ಮಾಡುವ ಆದೇಶ ಅನುಕ್ರಮ ಕಡತಕ್ಕೆ ಇಲ್ಲ. ರೆಕಾರ್ಡುಗಳ ಉದ್ದ ಒಂದೇ ಸಮ ಇರುವುದಿಲ್ಲ. 78 ಹೋಗಿ 100 ಬಂದರೆ ಒಂದು ಅಕ್ಷರ ಹೆಚ್ಚಾಗಿ ಮುಂದಿನ ಸಾಲನ್ನು ತುಳಿಯಬೇಕಾಗುತ್ತದೆ. ಅದಕ್ಕೆ ಎರಡು ಫೈಲುಗಳ ಉಪಾಯ:

ಓಪನ್ "ಮಾರ್ಕ್ಸ್.ಡ್ಯಾಟ್" ಫಾರ್ ಇನ್‌ಪುಟ್ ಆ್ಯಸ್ #1
ಓಪನ್ "ಟೆಂಪ್.ಡ್ಯಾಟ್" ಫಾರ್ ಔಟ್‌ಪುಟ್ ಆ್ಯಸ್ #2
ಡೂ ವೈಲ್ ನಾಟ್ ಇಒಎಫ್(1)
ಇನ್‌ಪುಟ್ #1, ಹೆಸರು$, ಅಂಕ
ಇಫ್ ಹೆಸರು$ = "ರವಿ" ದೆನ್ ಅಂಕ = 87
ರೈಟ್ #2, ಹೆಸರು$, ಅಂಕ
ಲೂಪ್
ಕ್ಲೋಸ್ #1, #2
ಕಿಲ್ "ಮಾರ್ಕ್ಸ್.ಡ್ಯಾಟ್"
ನೇಮ್ "ಟೆಂಪ್.ಡ್ಯಾಟ್" ಆ್ಯಸ್ "ಮಾರ್ಕ್ಸ್.ಡ್ಯಾಟ್"

ಹಳೆಯ ಫೈಲನ್ನು ಓದುತ್ತ, ತಿದ್ದಿದ್ದನ್ನು ಹೊಸ ಫೈಲಿಗೆ ಬರೆಯುವುದು. ಆಮೇಲೆ ಕಿಲ್ ಹಳೆಯದನ್ನು ಅಳಿಸುತ್ತದೆ, ನೇಮ್ ಹೊಸದಕ್ಕೆ ಹಳೆಯ ಹೆಸರು ಕೊಡುತ್ತದೆ. ಕೊನೆಯ ಮೂರು ಸಾಲುಗಳ ಕ್ರಮ ತಪ್ಪಬಾರದು. ಕ್ಲೋಸ್ ಮಾಡದೆ ಕಿಲ್ ಮಾಡಿದರೆ 55, ಕಿಲ್ ಮಾಡದೆ ನೇಮ್ ಮಾಡಿದರೆ ಆ ಹೆಸರಿನ ಫೈಲು ಈಗಾಗಲೇ ಇದೆಯೆಂದು 58. ಒಬ್ಬರನ್ನು ತೆಗೆದುಹಾಕಬೇಕೆಂದರೆ ಅವರದ್ದನ್ನು ಬಿಟ್ಟು ಉಳಿದವರನ್ನು #2ಕ್ಕೆ ಬರೆದರೆ ಆಯಿತು. ಇಂಗ್ಲಿಷಿನ ದೊಡ್ಡಕ್ಷರದ ಹೆಸರಿಗೂ ಸಣ್ಣಕ್ಷರದ ಹೆಸರಿಗೂ ಕ್ಯೂಬೇಸಿಕ್ ವ್ಯತ್ಯಾಸ ಮಾಡುವುದರಿಂದ, ಹೋಲಿಸುವ ಮೊದಲು ಎರಡನ್ನೂ ಯುಕೇಸ್$ ಫಂಕ್ಷನ್ನಿಂದ ದೊಡ್ಡಕ್ಷರಕ್ಕೆ ತನ್ನಿ. ಇಲ್ಲದಿದ್ದರೆ ಪ್ರೋಗ್ರಾಂ ಸುಸೂತ್ರವಾಗಿ ಓಡಿ ಯಾರನ್ನೂ ತಿದ್ದದೆ ಮುಗಿಯುತ್ತದೆ.

ದಿನಕ್ಕೆ ನೂರು ಸಲ ನಡುವಿನ ರೆಕಾರ್ಡನ್ನೇ ಹುಡುಕಿ ತಿದ್ದುವ ಕೆಲಸಕ್ಕೆ ಈ ಪದ್ಧತಿ ಹೊಂದುವುದಿಲ್ಲ. ಎಲ್ಲ ರೆಕಾರ್ಡೂ ಒಂದೇ ಉದ್ದದ ರ‍್ಯಾಂಡಮ್ ಫೈಲಿನಲ್ಲಿ 50ನೆಯದಕ್ಕೆ ನೇರವಾಗಿ ಹೋಗಬಹುದು, ಇಲ್ಲಿ ಮೊದಲ 49ನ್ನು ಓದಲೇಬೇಕು. ತಿಂಗಳ ಸಂಬಳ, ತರಗತಿಯ ಸರಾಸರಿ, ಹಾಲಿನ ಲೆಕ್ಕದಂತೆ ಎಲ್ಲರನ್ನೂ ಒಮ್ಮೆ ಹಾದುಹೋಗುವ ಕೆಲಸಕ್ಕೆ ಮಾತ್ರ ಇದಕ್ಕಿಂತ ಸರಳವಾದದ್ದು ಬೇಡ.

ರೈಟ್ ಮಾಡಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಾರೆ ನೋಡಬಹುದು. ಪ್ರೋಗ್ರಾಂ ತಪ್ಪುತ್ತಿದ್ದರೆ ಮೊದಲು ಮಾಡಬೇಕಾದ ಕೆಲಸವೂ ಅದೇ. ಆದರೆ ಅಲ್ಲಿ ತಿದ್ದಿ ಉಳಿಸುವಾಗ ಕೊನೆಯಲ್ಲಿ ಒಂದು ಖಾಲಿ ಸಾಲು ಉಳಿದರೆ ಇಒಎಫ್ ಇನ್ನೂ ಬಂದಿಲ್ಲವೆಂದು ಪ್ರೋಗ್ರಾಂ ಇನ್ನೊಂದು ರೆಕಾರ್ಡ್ ಓದಹೋಗಿ 62ಕ್ಕೆ ಸಿಕ್ಕಿಬೀಳುತ್ತದೆ. ಬರಹದೊಳಗೇ ಜೋಡಿ ಉದ್ಧರಣ ಚಿಹ್ನೆ ಇದ್ದರೆ, ಉದಾಹರಣೆಗೆ ಇಂಚಿನ ಗುರುತಿಗೆ ಅದನ್ನು ಬಳಸಿದ್ದರೆ, ಓದುವಾಗ ಪದ ಅಲ್ಲಿಗೇ ಮುಗಿಯಿತೆಂದು ಕ್ಯೂಬೇಸಿಕ್ ತಿಳಿಯುತ್ತದೆ. ಅಂಥ ಕಡೆ ಬರೆಯುವ ಮೊದಲೇ ಅದನ್ನು ಒಂಟಿ ಚಿಹ್ನೆಗೆ ಬದಲಿಸಿಕೊಳ್ಳಬೇಕು.