ಸಭೆ ಬಿಟ್ಟವರ ರಕ್ಷಣೆ ಏನಾಯಿತು?

ಪ್ರಶ್ನೆ: ನಮ್ಮ ಸಭೆಯಲ್ಲಿ ವರ್ಷಗಟ್ಟಲೆ ವಾಕ್ಯ ಸಾರಿದ ಹಿರಿಯರೊಬ್ಬರು ಈಗ ಯೇಸುವೇ ಬೇಡ ಅನ್ನುತ್ತಿದ್ದಾರೆ. ಅವರು ರಕ್ಷಣೆ ಕಳೆದುಕೊಂಡರೋ, ಮೊದಲಿನಿಂದಲೂ ಹೊಂದಿರಲೇ ಇಲ್ಲವೋ? ಅಂಥವರಿಗೇ ಹೀಗಾದರೆ ನನ್ನ ಗತಿ ಏನು?

ಉತ್ತರ: ಕ್ರೈಸ್ತರೆಲ್ಲ ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲ. ಅದನ್ನು ಮುಚ್ಚಿಟ್ಟು ‘ಬೈಬಲ್ ಸ್ಪಷ್ಟವಾಗಿ ಹೇಳುತ್ತದೆ’ ಎಂದು ಶುರುವಾಗುವ ಪ್ರಸಂಗಗಳು ನಿಮ್ಮ ಗೊಂದಲ ಹೆಚ್ಚಿಸಿರಲೂಬಹುದು.

ಜಗಳ ಹಳೆಯದು. ನೆದರ್ಲೆಂಡ್ಸ್‌ನಲ್ಲಿ ದೇವತಾಶಾಸ್ತ್ರಜ್ಞ ಆರ್ಮಿನಿಯಸ್ ತೀರಿಕೊಂಡ ಮರುವರ್ಷ, 1610ರಲ್ಲಿ, ಅವರ ಅನುಯಾಯಿಗಳು ಐದು ಅಂಶಗಳ ಮನವಿ ಬರೆದರು. ನಿಜವಿಶ್ವಾಸಿ ಬಿದ್ದುಹೋಗಬಹುದೇ ಎಂಬುದನ್ನು ಆಗ ಅವರೂ ತೀರ್ಮಾನಿಸಿರಲಿಲ್ಲ. ವಾಕ್ಯವನ್ನು ಇನ್ನೂ ಶೋಧಿಸಬೇಕು ಎಂದಷ್ಟೇ ಹೇಳಿದ್ದರು. ಸುಧಾರಕ ಕ್ಯಾಲ್ವಿನ್ ಪರಂಪರೆಯವರು 1618-19ರಲ್ಲಿ ಅಲ್ಲೇ ನಡೆಸಿದ ಡೋರ್ಟ್ ಮಹಾಸಭೆ ಮಾತ್ರ ಖಚಿತವಾಗಿತ್ತು: ದಾವೀದನಂತೆ, ಪೇತ್ರನಂತೆ ವಿಶ್ವಾಸಿ ಘೋರವಾಗಿ ಬೀಳಬಹುದು, ಆದರೆ ದೇವರು ಅವನನ್ನು ನಾಶಕ್ಕೆ ಬಿಡುವುದಿಲ್ಲ. ಮುಂದೆ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ಬೀಳಬಹುದು, ಬಿದ್ದವನು ಎದ್ದು ಬರಲೂಬಹುದು ಎಂದರು. ಕಥೋಲಿಕರು 1547ರಲ್ಲೇ ಟ್ರೆಂಟ್ ಮಹಾಸಭೆಯಲ್ಲಿ ಹೇಳಿದ್ದರು: ಮಾರಕ ಪಾಪದಿಂದ ಕೃಪೆ ಕಳೆದುಹೋಗುತ್ತದೆ, ಪಾಪನಿವೇದನೆಯ ಸಂಸ್ಕಾರದಲ್ಲಿ ಮರಳಿ ಸಿಗುತ್ತದೆ. 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಹುಟ್ಟಿದಾಗ ವೆಸ್ಲಿ ಪರಂಪರೆಯ ಮೆಥಡಿಸ್ಟರೂ ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ಒಂದೇ ಸೂರಿನಡಿ ಬಂದರು. ಹಾಗಾಗಿ ಒಂದೇ ಸಭೆಯ ಇಬ್ಬರು ಸಭಾಪಾಲಕರು ಎರಡು ಬಗೆಯಾಗಿ ಮಾತಾಡಿದರೆ ಆಶ್ಚರ್ಯಪಡಬೇಡಿ.

ಕ್ಯಾಲ್ವಿನ್, ವೆಸ್ಲಿ ಎರಡೂ ಕಡೆಯವರು ಸಿಕ್ಕಿಬೀಳುವುದು ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 6:4-6ರಲ್ಲಿ. ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಹೊಂದಿ, ಆಮೇಲೆ ಬಿಟ್ಟುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯ ಎನ್ನುತ್ತದೆ ಆ ಭಾಗ. ಕ್ಯಾಲ್ವಿನ್ ಪರಂಪರೆಯವರು ಇವರು ನಿಜವಾಗಿ ಹೊಸದಾಗಿ ಹುಟ್ಟಿದವರಲ್ಲ ಎನ್ನುತ್ತಾರೆ. ಪವಿತ್ರಾತ್ಮನಲ್ಲಿ ಪಾಲುಗಾರರಾದವರನ್ನು ಬರೀ ಹೆಸರಿಗೆ ವಿಶ್ವಾಸಿಗಳೆನ್ನುವುದು ನನಗಂತೂ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಹಾಗಂತ ವೆಸ್ಲಿ ಕಡೆಯವರ ದಾರಿಯೂ ಸಲೀಸಲ್ಲ: ಹಿಂಜಾರಿದವರನ್ನು ‘ಮರಳಿ ಬನ್ನಿ’ ಎಂದು ಕರೆಯುವ ಅವರು ಆ ‘ಅಸಾಧ್ಯ’ಕ್ಕೆ ಉತ್ತರ ಹೇಳಲೇಬೇಕು.

ಆ ಪತ್ರ ಯಾರಿಗೆ ಬಂದದ್ದು ಎಂದು ನೋಡಿದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ. ಯೇಸುವಿಗಾಗಿ ಆಸ್ತಿ ಸೂರೆಹೋದಾಗಲೂ ಸಂತೋಷದಿಂದ ಸಹಿಸಿದ್ದವರು (10:34) ಈಗ ದಣಿದು, ಕ್ರಿಸ್ತನನ್ನೇ ಬಿಟ್ಟುಬಿಡುವ ಅಂಚಿನಲ್ಲಿದ್ದರು. ಎಚ್ಚರಿಕೆ ಅವರಿಗೆ. ಕೋಪ, ಸುಳ್ಳು, ಕುಡಿತದಲ್ಲಿ ಎಡವಿ ಅಳುವವರ ಪಟ್ಟಿ ಅಲ್ಲಿಲ್ಲ. ಅಷ್ಟು ಗದರಿದ ಲೇಖಕನೇ 6:9ರಲ್ಲಿ, ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯಿದೆ ಎನ್ನುತ್ತಾನೆ. ಪ್ರಸಂಗಗಳು ಆರನೇ ವಚನಕ್ಕೇ ನಿಂತುಬಿಡುವುದು ಏಕೋ!

ಇನ್ನು ನಿಮ್ಮ ಹಿರಿಯರು. 1 ಯೋಹಾನ 2:19 ಓದಿ, ‘ಅವರು ನಮ್ಮವರೇ ಆಗಿರಲಿಲ್ಲ’ ಎಂದು ಯಾರೋ ಈಗಾಗಲೇ ತೀರ್ಪು ಕೊಟ್ಟಿರಬಹುದು. ಯೋಹಾನ ಹಾಗೆ ಬರೆದದ್ದು ಕ್ರಿಸ್ತನನ್ನು ಅಲ್ಲಗಳೆದು ಹೋದ ಒಂದು ಗುಂಪಿನ ಬಗ್ಗೆ. ಪ್ರತಿಯೊಬ್ಬರ ವಿಷಯದಲ್ಲಿ ಅಷ್ಟು ಬೇಗ ಅದನ್ನು ಹೇಳುವ ಅಧಿಕಾರ ನಮಗೆಲ್ಲಿದೆ? ಪೌಲನ ಜೊತೆ ಕೆಲಸ ಮಾಡಿದ ದೇಮನ ಹೆಸರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕನ ಪಕ್ಕದಲ್ಲೇ ಇದೆ. 2 ತಿಮೊಥೆಯ 4:10ಕ್ಕೆ ಬಂದರೆ ಅವನು ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಥೆಸಲೋನಿಕಕ್ಕೆ ಹೋಗಿದ್ದಾನೆ. ಅವನು ರಕ್ಷಣೆ ಕಳೆದುಕೊಂಡನೆಂದಾಗಲಿ, ಎಂದೂ ಹೊಂದಿರಲಿಲ್ಲವೆಂದಾಗಲಿ ಪೌಲ ಬರೆಯಲಿಲ್ಲ. ಮರುವಚನದಲ್ಲೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎನ್ನುತ್ತಾನೆ. ಪಂಫುಲ್ಯದಲ್ಲಿ ನಡುದಾರಿಯಲ್ಲೇ ಕೈಬಿಟ್ಟು ಹೋಗಿದ್ದ, ಆ ಕಾರಣಕ್ಕೆ ಪೌಲನೂ ಬಾರ್ನಬನೂ ಜಗಳವಾಡಿ ಬೇರೆಯಾಗಿದ್ದ ಅದೇ ಮಾರ್ಕ. ಅವನು ಬಿಟ್ಟದ್ದು ಸೇವೆಯನ್ನೇ ಹೊರತು ನಂಬಿಕೆಯನ್ನಲ್ಲ, ನಿಜ. ಆದರೂ ಅಂದು ಅವನನ್ನು ನೋಡಿದವರಿಗೆ ಈ ಕೊನೆ ಕಾಣುತ್ತಿರಲಿಲ್ಲ.

ನಿಮ್ಮ ಗತಿ? ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿಯಲಾರರು ಎಂದು ಯೇಸು ಹೇಳಿದ ಮಾತು (ಯೋಹಾನ 10:28) ಇಂದು ಆತನನ್ನು ಹಿಂಬಾಲಿಸುತ್ತಿರುವವರಿಗೆ ಸಲ್ಲುತ್ತದೆ ಎಂಬುದರಲ್ಲಿ ಎರಡು ಪಂಗಡಗಳಿಗೂ ಭಿನ್ನಾಭಿಪ್ರಾಯವಿಲ್ಲ. ಯೇಸುವನ್ನು ಬಿಡಬಾರದಲ್ಲ ಎಂದು ಹೆದರುವ ನೀವು, ಆತ ಬೇಡವೆಂದು ಹೊರಟವರ ಸಾಲಿನಲ್ಲಿಲ್ಲ. ಯಾಕೋಬ 5:19-20ರ ಮೇಲೂ ಆ ಎರಡು ಪಂಗಡಗಳಲ್ಲಿ ಜಗಳವಿಲ್ಲ: ದಾರಿ ತಪ್ಪಿದವರನ್ನು ಮರಳಿ ಕರೆತರಬೇಕು. ಸಾಧ್ಯವಾದರೆ ಈ ವಾರವೇ ಆ ಹಿರಿಯರ ಮನೆಗೆ ಹೋಗಿ ಮಾತಾಡಿಸಿಕೊಂಡು ಬನ್ನಿ, ಚರ್ಚೆಯ ಉದ್ದೇಶವಿಲ್ಲದೆ.