ಪಾಲಿಸಿಯ ಏಜೆಂಟ್, ತೋಟದ ವಾಲ್ವ್

ಕಾಸರಗೋಡಿನ ಪೆರ್ಲದ ಹತ್ತಿರ ನನ್ನ ಸೋದರಮಾವನ ಮನೆ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ವಿಂಡೋಸಿನಲ್ಲಲ್ಲ, ಅದರ ಬದಲಿಗೆ ಬಳಸುವ ಲಿನಕ್ಸಿನಲ್ಲಿ. ಮಾವನ ಮಗಳಿಗೆ ಅಭ್ಯಾಸವಾಗಲಿ ಅಂತ ಮನೆಯ ಹಳೇ ಕಂಪ್ಯೂಟರಿಗೂ ಅದನ್ನೇ ಹಾಕಿಕೊಟ್ಟಿದ್ದೆ. ಆನ್ ಆಗಲು ತುಂಬ ಹೊತ್ತು ಬೇಕು ಅಂತ ಮಾವ ಒಂದು ದಿನ, ತನ್ನಿಂತಾನೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ತೆರೆದರು. ಅದರಲ್ಲೊಂದು ಸಾಲು: ‘ಪಾಲಿಸಿಕಿಟ್ ಅಥೆಂಟಿಕೇಶನ್ ಏಜೆಂಟ್’.

“ಪಾಲಿಸಿ, ಏಜೆಂಟ್... ಇನ್ಶೂರೆನ್ಸಿನವ ಇದರೊಳಗೂ ಬಂದನಾ ಮಾರಾಯ?” ಅಂದವರೇ ಟಿಕ್ ತೆಗೆದುಬಿಟ್ಟರು.

ವಾರ ಕಳೆದು ಫೋನ್ ಬಂತು. ಹೊಸ ಸಾಫ್ಟ್‌ವೇರ್ ಹಾಕಲು ಹೋದರೆ ಕಂಪ್ಯೂಟರ್ ಪಾಸ್‌ವರ್ಡನ್ನೇ ಕೇಳುವುದಿಲ್ಲವಂತೆ, ಕೆಲಸವೂ ಆಗುವುದಿಲ್ಲವಂತೆ. ಹೇಗೆ ಆದೀತು! ಪಾಸ್‌ವರ್ಡ್ ಕೇಳುವ ಆ ಪುಟ್ಟ ಕಿಟಕಿಯನ್ನು ತೋರಿಸುವುದೇ ಆ ಏಜೆಂಟ್.

ಲಿನಕ್ಸಿನಲ್ಲಿ ಇಂಥ ಒಂದೊಂದು ಪ್ರೋಗ್ರಾಂಗೂ ಒಂದೊಂದು ಸಣ್ಣ ಪಠ್ಯ ಕಡತ ಇರುತ್ತದೆ. ಹೆಸರಿನ ಕೊನೆಗೆ ‘ಡಾಟ್ ಡೆಸ್ಕ್‌ಟಾಪ್’. ಒಳಗೆ ‘ಎಕ್ಸೆಕ್’ ಅನ್ನುವ ಸಾಲು ಯಂತ್ರಕ್ಕೆ: ಏನನ್ನು ಓಡಿಸಬೇಕು ಅಂತ. ‘ನೇಮ್’ (ಹೆಸರು) ಮತ್ತು ‘ಕಮೆಂಟ್’ (ವಿವರಣೆ) ಸಾಲುಗಳು ನಮಗೆ, ಪಟ್ಟಿಯಲ್ಲಿ ಓದಲು. ಹೆಸರಲ್ಲಿ ಹೇಳಿದ್ದನ್ನೇ ಕಮೆಂಟಿನಲ್ಲಿ ಮತ್ತೆ ಹೇಳಬಾರದು ಅಂತ ಈ ಕಡತಗಳ ನಿಯಮದಲ್ಲೇ ಬರೆದಿದೆ. ಆದರೆ ನಮ್ಮ ಏಜೆಂಟನ ಕಮೆಂಟ್ ಏನಿತ್ತು ಗೊತ್ತಾ? ‘ಪಾಲಿಸಿಕಿಟ್ ಅಥೆಂಟಿಕೇಶನ್ ಏಜೆಂಟ್’! ವಿಂಡೋಸಿನಲ್ಲೂ ಸುಖ ಇಲ್ಲ. 2012ರ ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರಿನಲ್ಲಿ ಇಂಥದೊಂದು ಪಟ್ಟಿ ಇದೆ. ಯಾವುದರ ಹೊರೆ ಜಾಸ್ತಿ, ಯಾವುದರದ್ದು ಕಮ್ಮಿ ಅನ್ನುತ್ತದೆ. ಅದು ಯಾಕೆ ಬೇಕು ಅನ್ನುವುದಿಲ್ಲ.

ಮಾವನ ಅಡಿಕೆ ತೋಟಕ್ಕೆ ಹೋದರೆ ಪೈಪುಗಳ ಒಂದೊಂದು ವಾಲ್ವಿನ ಹತ್ತಿರವೂ ಪೈಂಟಿನಲ್ಲಿ ಬರೆದಿದೆ: ‘ತೋಡಿನ ಬದಿ’, ‘ಗುಡ್ಡೆ ತೋಟ’. ಒಂದರಲ್ಲಿ ಮಾತ್ರ, ‘ಮುಟ್ಟಬೇಡಿ, ಅಡುಗೆಮನೆಗೆ ನೀರು ನಿಲ್ಲುತ್ತದೆ’. ವಾಲ್ವ್ ಎಷ್ಟು ಇಂಚಿನದ್ದು, ಯಾವ ಕಂಪನಿಯದ್ದು ಅಂತ ಎಲ್ಲಿಯೂ ಇಲ್ಲ. ತಿರುಗಿಸುವವನಿಗೆ ಅದು ಬೇಡ, ಅಲ್ವಾ? ಟಿಕ್ ತೆಗೆಯುವವನಿಗೂ ಅಷ್ಟೇ. ತೆಗೆದರೆ ಏನು ನಿಲ್ಲುತ್ತದೆ ಅಂತ ಗೊತ್ತಾದರೆ ಸಾಕು.

ಮುಂದಿನ ಸಲ ಹೋದಾಗ ಮೊದಲು ಟಿಕ್ ವಾಪಸ್ ಹಾಕಿದೆ. ಟಿಕ್ ತೆಗೆದರೆ ಪ್ರೋಗ್ರಾಂ ಅಳಿಸಿ ಹೋಗುವುದಿಲ್ಲ, ‘ಇವರಿಗೆ ಇದು ಬೇಡ’ ಅಂತ ಅವರ ಫೋಲ್ಡರಿನಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೇ. ಆಮೇಲೆ ಕಡತ ತೆರೆದು ಕನ್ನಡದ್ದೊಂದು ಕಮೆಂಟ್ ಸೇರಿಸಿದೆ. ಭಾಷೆಗೊಂದು ಸಾಲು ಬರೆಯಲು ಅದರಲ್ಲಿ ಅವಕಾಶ ಇದೆ. ಕನ್ನಡದ ಗುರುತು ‘ಕೆಎನ್’. ‘ಪಾಲಿಸಿ ನಿರ್ವಾಹಕ’ ಅಂತ ಬರೆದಿದ್ದರೆ ಮಾವ ಮತ್ತೆ ಟಿಕ್ ತೆಗೆಯುತ್ತಿದ್ದರು. ಹಾಗಾಗಿ ಹೀಗೆ ಬರೆದೆ: ‘ಪಾಸ್‌ವರ್ಡ್ ಕೇಳುವ ಕಿಟಕಿ. ತೆಗೆದರೆ ಹೊಸ ಸಾಫ್ಟ್‌ವೇರ್ ಹಾಕಲು ಆಗಲಿಕ್ಕಿಲ್ಲ.’

ಮಾವ ಓದಿ ತಲೆಯಾಡಿಸಿದರು. ಬೆರಳು ಇನ್ನೊಂದು ಸಾಲಿಗೆ ಹೋಯಿತು: ‘ಎಟಿ-ಎಸ್‌ಪಿಐ ಡಿ-ಬಸ್ ಬಸ್’.

“ಈ ಬಸ್ಸು ಎಲ್ಲಿಗೆ ಹೋಗುವುದು?”

“ಕಣ್ಣು ಕಾಣದವರ ಹತ್ತಿರಕ್ಕೆ ಮಾವ. ಪರದೆಯ ಮೇಲಿನ ಅಕ್ಷರಗಳನ್ನು, ಓದಿ ಹೇಳುವ ಪ್ರೋಗ್ರಾಂಗೆ ತಲುಪಿಸುತ್ತದೆ.”

“ಅಷ್ಟನ್ನೇ ಬರೆಯಬಾರದಿತ್ತಾ?” ಅಂದರು ಮಾವ. ಆ ಕಡತವನ್ನೂ ತೆರೆದೆ.