ರ‍್ಯಾಮ್ ರೇಟು ಇಳಿಯುವ ತನಕ ಕಾಯಲಾ?

ಪ್ರಶ್ನೆ: ಸರ್, ಮಗಳಿಗೆ ಕಾಲೇಜಿಗೆ ಲ್ಯಾಪ್‌ಟಾಪ್ ತಗೋಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದೆ. ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಎಐ ಕಾರಣ ಅಂತಾರೆ. ಎಐ ಸರ್ವರಿಗೆ ಹಾಕೋ ಮೆಮೊರಿಯೇ ಬೇರೆ ಅಲ್ವಾ? ಇದು ಅಂಗಡಿಯವರು ಸ್ಟಾಕ್ ಮುಚ್ಚಿಟ್ಟು ಆಡ್ತಿರೋ ಆಟ ತಾನೇ? ಸ್ವಲ್ಪ ದಿನ ಕಾಯಲಾ?

ಕಾಯಬೇಡಿ. ಮಗಳಿಗೆ ಈಗಲೇ ಬೇಕಿದ್ದರೆ ಈಗಲೇ ತೆಗೆದುಕೊಳ್ಳಿ. ಮನೆಯಲ್ಲಿ ಹಳೆಯದೊಂದು ಇದ್ದರೆ ಅದನ್ನೇ ರಿಪೇರಿ ಮಾಡಿಸಿ ಓಡಿಸಿ. ಉತ್ತರ ಇಷ್ಟೇ, ಎರಡು ಸಾಲು. ಆದರೆ ಇಷ್ಟಕ್ಕೇ ಬಿಟ್ಟರೆ ನಾಳೆ ಇನ್ನೊಬ್ಬರು ಇದೇ "ಅಂಗಡಿಯವರ ಆಟ" ಹಿಡಿದುಕೊಂಡು ಬರುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಹಾಗಾಗಿ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಎಐ ಸರ್ವರಿನ ಮೆಮೊರಿ ಬೇರೆ ಎಂಬುದು ನಿಜ. ಅದರ ಹೆಸರು ಎಚ್‌ಬಿಎಂ. ಚಿಪ್‌ಗಳನ್ನು ಅಪಾರ್ಟ್‌ಮೆಂಟಿನ ಮಹಡಿಗಳ ಹಾಗೆ ಒಂದರ ಮೇಲೊಂದು ಪೇರಿಸಿ ಮಾಡುತ್ತಾರೆ. ನಿಮ್ಮ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ಬರುವುದಿಲ್ಲ. ಇಲ್ಲಿಯವರೆಗೆ ನೀವು ಸರಿ. ಇಲ್ಲಿಂದ "ಹಾಗಾದರೆ ಅದಕ್ಕೂ ನಮಗೂ ಏನು ಸಂಬಂಧ" ಅಂತ ಹಾರುತ್ತೀರಲ್ಲ, ಎಡವುವುದು ಅಲ್ಲೇ. ಎರಡೂ ಹುಟ್ಟುವುದು ಸಿಲಿಕಾನಿನ ವೇಫರ್‌ನಿಂದ (ಚಿಪ್‌ಗಳನ್ನು ಮೂಡಿಸಿ ಕತ್ತರಿಸುವ ತೆಳ್ಳನೆಯ ತಟ್ಟೆ), ಅದೇ ಕಂಪನಿಗಳ ಕಾರ್ಖಾನೆಗಳಲ್ಲಿ.

ನಿಮ್ಮ ಬೀದಿಯ ಹೋಟೆಲಿನಲ್ಲಿ ಒಂದೇ ಗ್ರೈಂಡರ್ ಇದೆ ಅಂದುಕೊಳ್ಳಿ. ಛತ್ರದವರು ಬಂದು ಸಾವಿರ ದೋಸೆಗೆ ಮುಂಗಡ ಕೊಟ್ಟು ಹೋದರು. ಬೆಳಿಗ್ಗೆ ನೀವು ಹೋಗಿ, "ಅವರು ಕೇಳಿದ್ದು ದೋಸೆ, ನಾನು ಕೇಳುತ್ತಿರುವುದು ಇಡ್ಲಿ, ಎರಡೂ ಬೇರೆ ಬೇರೆ" ಎಂದು ವಾದ ಮಾಡಿದರೆ ಇಡ್ಲಿ ಸಿಗುತ್ತದಾ? ಗ್ರೈಂಡರ್ ಒಂದೇ ಅಲ್ವಾ!

ಅದೂ ಸಮಸಮ ಲೆಕ್ಕ ಅಲ್ಲ. ಒಂದು ಜಿಬಿ ಎಚ್‌ಬಿಎಂ ಮಾಡುವಷ್ಟು ವೇಫರ್‌ನಲ್ಲಿ ನಮ್ಮ ಲ್ಯಾಪ್‌ಟಾಪಿಗೆ ಹಾಕುವ ಮಾಮೂಲಿ ಡಿಡಿಆರ್5 ಮೆಮೊರಿ ಸುಮಾರು ಮೂರು ಜಿಬಿ ಬರುತ್ತದೆ. ಇದು ಮೈಕ್ರಾನ್ ಕಂಪನಿಯೇ ಕೊಟ್ಟ ಲೆಕ್ಕ. ಅದರ ಮೇಲೆ, ಅದೇ ಸರ್ವರುಗಳಿಗೆ ಎಚ್‌ಬಿಎಂ ಜೊತೆಗೆ ಡಿಡಿಆರ್5 ಕೂಡ ರಾಶಿ ರಾಶಿ ಬೇಕು. ಅಂದರೆ ಛತ್ರದವರು ದೋಸೆ ಜೊತೆ ಇಡ್ಲಿಯನ್ನೂ ಹೇಳಿದ್ದಾರೆ.

ಜಗತ್ತಿನ ಡಿರ‍್ಯಾಮ್‌ನ (ಎಚ್‌ಬಿಎಂ, ಡಿಡಿಆರ್5 ಎರಡೂ ಸೇರುವ ಮೆಮೊರಿ ಜಾತಿ) ಬಹುಪಾಲು ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 2023ರಲ್ಲಿ ರೇಟು ಪಾತಾಳಕ್ಕೆ ಬಿದ್ದು ಕೈ ಸುಟ್ಟುಕೊಂಡು, ಉತ್ಪಾದನೆ ಕಡಿಮೆ ಮಾಡಿ ಕೂತಿದ್ದರು. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಕಂಪನಿ ಮೊದಲಿನ ಇಬ್ಬರ ಜೊತೆ ಮಾತುಕತೆ ಮಾಡಿಕೊಂಡಿತು. ಗುರಿ ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ. ಮೂರನೆಯ ಮೈಕ್ರಾನ್ ಡಿಸೆಂಬರ್ 3ಕ್ಕೆ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ನಾವು ನೀವು ಅಂಗಡಿಯಲ್ಲಿ ಕೇಳಿ ಕೊಳ್ಳುತ್ತಿದ್ದ, 1996ರಿಂದ ಇದ್ದ ಬ್ರ್ಯಾಂಡ್ ಅದು. ಕಾರಣವನ್ನೂ ಮುಚ್ಚಿಡಲಿಲ್ಲ: ದೊಡ್ಡ ಗಿರಾಕಿಗಳಿಗೆ ಮಾಲು ಸಾಲಬೇಕಂತೆ. ಅಂದರೆ ಅಂಗಡಿಯಲ್ಲಿ ಒಂದು ಮೆಮೊರಿ ಸ್ಟಿಕ್ ಕೊಳ್ಳುವವರು ಇನ್ನು ಲೆಕ್ಕಕ್ಕಿಲ್ಲ. ಹಳೆ ಸ್ಟಿಕ್‌ಗಳ ವಾರಂಟಿ ನಡೆಯುತ್ತದೆ, ಗಾಬರಿ ಬೇಡ.

ಎಸ್.ಪಿ. ರೋಡಿನವರೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ನಾಲ್ಕು ಬಾಕ್ಸ್ ಒಳಗಿಟ್ಟು "ಸ್ಟಾಕ್ ಇಲ್ಲ" ಅನ್ನುವವರನ್ನು ನಾನೂ ನೋಡಿದ್ದೇನೆ. ಆದರೆ 2025ರ ಕೊನೆಗೆ ಅಮೆರಿಕದಲ್ಲೂ ಯುರೋಪಿನಲ್ಲೂ ರೇಟು ಎರಡು, ಮೂರು ಪಟ್ಟಾಯಿತು. ಟೋಕಿಯೋದ ಅಕಿಹಾಬರಾ ಅಂಗಡಿಗಳಲ್ಲಿ ಒಬ್ಬರಿಗೆ ಇಷ್ಟೇ ಸ್ಟಿಕ್ ಅಂತ ರೇಷನ್ ತರಹ ಮಿತಿ ಹಾಕಿದರು. ಅಲ್ಲಿಯವರೆಗೆ ಕೈ ಚಾಚುವಷ್ಟು ತಾಕತ್ತು ನಮ್ಮ ಅಂಗಡಿಯವರಿಗೆ ಇದ್ದಿದ್ದರೆ, ಆ ಸಂದಿಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಿಕೊಂಡು ಇರುತ್ತಿದ್ದರಾ? ಕಳ್ಳಾಟದ ಮಾತೇ ಬೇಕಿದ್ದರೆ ಮೇಲಿನ ದೊಡ್ಡ ಕಂಪನಿಗಳ ಕಡೆ ನೋಡಿ. ಮೆಮೊರಿ ರೇಟನ್ನು ಬೇರೆ ಕಂಪನಿಗಳ ಜೊತೆ ಸೇರಿ ಗೊತ್ತುಮಾಡಿದ್ದಕ್ಕೆ ಸ್ಯಾಮ್‌ಸಂಗ್ 2005ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತ್ತು. ಈ ಸಲದ ಏರಿಕೆಗೆ ಅಂಥದ್ದೇನೂ ಬೇಕಾಗಿಲ್ಲ. ಮಾಲೇ ಕಡಿಮೆ.

"ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್ ಬಂದಿದೆಯಲ್ಲ, ಅಗ್ಗ ಆಗಲ್ವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಅಲ್ಲಿ ನಡೆಯುವುದು ಜೋಡಣೆ ಮತ್ತು ಪರೀಕ್ಷೆ. ವೇಫರ್ ಹೊರಗಿನಿಂದ ಬರಬೇಕು. ವೇಫರ್ ಕಾರ್ಖಾನೆ ಹೊಸದಾಗಿ ಕಟ್ಟಿ ಮಾಲು ತೆಗೆಯಲು ವರ್ಷಗಳೇ ಹಿಡಿಯುತ್ತವೆ. ಅದಕ್ಕೇ ಕಾಯಬೇಡಿ ಅಂದಿದ್ದು.

ನೀವು ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ತೆಗೆದುಕೊಳ್ಳುವ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಸ್ಲಾಟ್ ಇದೆಯಾ? 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದಲ್ಲಿ ಆಪಲ್ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿತು. ಈಗ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಮಾಮೂಲಾಗಿದೆ. ಇವತ್ತು ದುಬಾರಿ ಅಂತ 8 ಜಿಬಿ ತಗೊಂಡರೆ ಅದು ಕೊನೆವರೆಗೂ 8 ಜಿಬಿಯೇ. ಸ್ಲಾಟ್ ಇದ್ದರೆ ರೇಟು ಇಳಿದಾಗ ಇನ್ನೊಂದು ಸ್ಟಿಕ್ ಹಾಕಬಹುದು. ಸ್ವಲ್ಪ ದಪ್ಪ ಇದ್ದರೂ ಪರವಾಗಿಲ್ಲ, ಅದನ್ನೇ ತಗೊಳ್ಳಿ.

ಇನ್ನು ಹಳೆಯದರ ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಪೋರ್ಟ್ ನಿಲ್ಲಿಸಿತು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಹೆಚ್ಚಿನ ಯಂತ್ರಗಳಿಗೆ ವಿಂಡೋಸ್ 11 ಕೊಡುವುದಿಲ್ಲ. ಒಬ್ಬರು ಹಳೆಯದನ್ನು ಬಿಡಿ ಅನ್ನುತ್ತಾರೆ, ಇನ್ನೊಬ್ಬರು ಹೊಸದಕ್ಕೆ ಮೆಮೊರಿ ಇಲ್ಲ ಅನ್ನುತ್ತಾರೆ. ಮಧ್ಯದಲ್ಲಿ ನಾವು. ಇದನ್ನು ನಾನು ಬರೆಯುತ್ತಿರುವುದು 2016ರ ಲ್ಯಾಪ್‌ಟಾಪಿನಲ್ಲಿ. ಒಂದು 4, ಒಂದು 8 ಜಿಬಿ ಸ್ಟಿಕ್, ಒಳಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್. ಕನ್ನಡ ಟೈಪಿಂಗ್, ಬ್ರೌಸರ್, ಬ್ಯಾಂಕ್ ಕೆಲಸ ಎಲ್ಲ ಆಗುತ್ತದೆ. ಫ್ಯಾನ್ ಮಾತ್ರ ಮಿಕ್ಸಿ ಹಾಗೆ ಕೂಗುತ್ತದೆ.

ನಿಮ್ಮ ಮನೆಯ ಹಳೆ ಲ್ಯಾಪ್‌ಟಾಪಿನ ಅಡಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಕಳಿಸಿ, ಸ್ಲಾಟ್ ಇದೆಯಾ, ಡಿಡಿಆರ್4ಆ ಡಿಡಿಆರ್5ಆ ನೋಡಿ ಹೇಳುತ್ತೇನೆ. ರೇಟು ಯಾವಾಗ ಇಳಿಯುತ್ತದೆ ಅಂತ ಮಾತ್ರ ಕೇಳಬೇಡಿ.